ಲಿಗೋರಿಯ ಜಾಗ

ಕಾವೂರು
18 ನವೆಂಬರ್ 2025

ಅತ್ತಾವರದ ಮುನ್ನಡೆ ಕೃತಕ ಕಾಲು ತಯಾರಿ ಘಟಕದಲ್ಲಿ ತಾರೀಕು ಕೊಡುವವರು ಯಾರೋ ಅವರಿಗೆ,

ನಿಮ್ಮ ಹೆಸರು ಗೊತ್ತಿಲ್ಲ. ಕೌಂಟರಿನ ಗೇವಿನ್‌ನನ್ನು ಕೇಳಿದರೆ, "ತಾರೀಕು ನಾನು ಕೊಡುದಲ್ಲ ಅಜ್ಜ, ಮೇಲಿಂದ ಬರ್ತದೆ" ಎಂದ. ಮೇಲೆ ಎಂದರೆ ಮಾಳಿಗೆಯೋ ಆಕಾಶವೋ ಹೇಳಲಿಲ್ಲ. ಹಾಗಾಗಿ ಈ ಪತ್ರ. ಫೋನ್ ಮಾಡೋಣವೆಂದರೆ, ನಲವತ್ತು ವರ್ಷ ಹಿಟ್ಟು ಕಲಸುವ ಮೆಷಿನ್ ಪಕ್ಕ ನಿಂತು ನನ್ನ ಕಿವಿ ಹೋಗಿದೆ. ಮೊಮ್ಮಗಳು ರುಮೈಸಾ ಅತ್ತಾವರದಲ್ಲೇ ನರ್ಸಿಂಗ್ ಓದುತ್ತಾಳೆ. ಪತ್ರ ಅವಳ ಕೈಯಲ್ಲಿ ಬರುತ್ತದೆ, ಉತ್ತರವೂ ಅವಳ ಕೈಯಲ್ಲೇ ಬರಲಿ.

ನಾನು ಮೂಸಬ್ಬ. ಕಾವೂರಿನಲ್ಲಿ ನನ್ನ ಬೇಕರಿ ಇತ್ತು. ಜೀವನಪೂರ್ತಿ ಸಿಹಿ ಬನ್ನು ಮಾರಿದೆ. ಕೊನೆಗೆ ಸಕ್ಕರೆ ಕಾಯಿಲೆ ಬಂದು ಬಲಗಾಲನ್ನು ಮೊಣಕಾಲ ಕೆಳಗಿನಿಂದ ತನ್ನ ಪಾಲಿಗೆ ತೆಗೆದುಕೊಂಡು ಹೋಯಿತು. ಅದರ ಮೇಲೆ ನನಗೆ ಸಿಟ್ಟಿಲ್ಲ, ಸಿಟ್ಟು ನಿಮ್ಮ ಮೇಲೆ. ಸೆಪ್ಟೆಂಬರಿನಲ್ಲಿ ಕಾಲಿನ ಅಚ್ಚು ತೆಗೆದು ಅಕ್ಟೋಬರ್ 25 ಅಂದಿರಿ. ಆಮೇಲೆ ನವೆಂಬರ್ 15. ಮೊನ್ನೆ ಬಂದರೆ ಜನವರಿ 10. ಪ್ರತಿ ಸಲವೂ ಗೇವಿನ್ ನಗುತ್ತಾ "ಆಗ್ತದೆ, ಆಗ್ತದೆ" ಅನ್ನುತ್ತಾನೆ. ಒಳ್ಳೆಯ ಮನುಷ್ಯ. ಆದರೆ ನಮ್ಮ ಊರಿನಲ್ಲಿ ಆ ಶಬ್ದ ಮನೆಗೆ ಬಂದವರಿಗೆ ಕೊಡುವ ನೀರು ಬೆಲ್ಲದ ಹಾಗೆ. ಯಾರು ಬಂದರೂ ಕೊಡುತ್ತಾರೆ.

ನನಗೆ ಬೇಕಾದದ್ದು ಇಷ್ಟೇ. ಮಾರ್ಚಿನಲ್ಲಿ ಪೆರ್ನಾಲ್, ಅಂದರೆ ನಮ್ಮ ಈದ್ ಬರುತ್ತದೆ. ಕಳೆದ ವರ್ಷ ಪಳ್ಳಿಯಲ್ಲಿ ನಮಾಝಿಗೆ ಕುರ್ಚಿ ಹಾಕಿ ಕೂರಿಸಿದರು. ಎಡಬಲದವರು ಭುಜಕ್ಕೆ ಭುಜ ತಾಗಿಸಿ ನಿಂತಿದ್ದರೆ ನನ್ನ ಭುಜ ಅವರ ಸೊಂಟದ ಹತ್ತಿರ ಇತ್ತು. ಈ ಸಲ ಸಾಲಿನಲ್ಲಿ ನಿಲ್ಲಬೇಕು. ಎಪ್ಪತ್ತೊಂದು ವರ್ಷದವನಿಗೆ ಇದಕ್ಕಿಂತ ದೊಡ್ಡ ಆಸೆ ಉಳಿದಿಲ್ಲ. ನಿಜವಾದ ಒಂದು ತಾರೀಕು ಹೇಳಿ. ದೂರದ್ದಾದರೂ ಚಿಂತೆ ಇಲ್ಲ.

ಒಂಟಿಕಾಲಿನಲ್ಲಿ ಕಾಯುತ್ತಿರುವ,
ಮೂಸಬ್ಬ

*

ಅತ್ತಾವರ
21 ನವೆಂಬರ್ 2025

ಮಾನ್ಯ ಮೂಸಬ್ಬ ಅವರಿಗೆ,

ತಮ್ಮ ಪತ್ರ ತಲುಪಿದೆ. ತಮಗಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ. ನಮ್ಮ ಕಂಪ್ಯೂಟರ್ ಯೋಜನೆಯ ಪ್ರಕಾರ ತಮ್ಮ ಕೃತಕ ಕಾಲು 10 ಜನವರಿ 2026ರಂದು ಸಿದ್ಧವಾಗಲಿದೆ. ಇದು ಖಚಿತ.

ಪ್ರಾಪ್ತಿ
ಉತ್ಪಾದನಾ ಯೋಜನಾ ವಿಭಾಗ

*

ಕಾವೂರು
11 ಜನವರಿ 2026

ಪ್ರಾಪ್ತಿ ಮೇಡಂ,

ನಿಮ್ಮ ಹೆಸರು ಗೊತ್ತಾಯಿತು, ಅದೊಂದು ಲಾಭ. ನಿನ್ನೆ ಬಂದಿದ್ದೆ. ಕಾವೂರಿನಿಂದ ರಿಕ್ಷಾದಲ್ಲಿ ಬಂದು, ಎರಡು ಊರುಗೋಲಿನಲ್ಲಿ ನಿಮ್ಮ ಏಳು ಮೆಟ್ಟಿಲು ಹತ್ತಿ ಬೆಂಚಿನಲ್ಲಿ ಕೂತೆ. ಕಾಲು ಮಾಡಿಕೊಡುವ ಜಾಗಕ್ಕೆ ಮೆಟ್ಟಿಲು ಕಟ್ಟಿದವರ ಬುದ್ಧಿಗೆ ಒಂದು ಸಲಾಂ. ಪಕ್ಕದವರ ಚೀಟಿ ನೋಡಿದೆ, ಜನವರಿ 10. ಅವರ ಪಕ್ಕದವರದ್ದೂ ಜನವರಿ 10. ಬೇರೆ ಕೆಲಸವಿಲ್ಲದೆ ಎಣಿಸಿದೆ. ಹತ್ತೊಂಬತ್ತು ಮಂದಿಯ ಚೀಟಿಯಲ್ಲೂ ಒಂದೇ ತಾರೀಕು.

ಆಮೇಲೆ ಬಾಗಿಲ ಸಂದಿಯಿಂದ ಒಳಗೆ ನೋಡಿದೆ. ಅಲ್ಲಿ ಒಂದೇ ಒಂದು ಓವನ್. ಬಿಳಿ ಪ್ಲಾಸ್ಟಿಕ್ ಹಾಳೆಯನ್ನು ಅದರೊಳಗೆ ಬಿಸಿ ಮಾಡಿ, ಮೆತ್ತಗಾದ ಕೂಡಲೇ ಇಬ್ಬರು ಹೆಂಗಸರು ಹಿಡಿದೆತ್ತಿ ಪ್ಲಾಸ್ಟರಿನ ಅಚ್ಚಿನ ಮೇಲೆ ಹೊದಿಸಿದರು. ನೀರುದೋಸೆ ಎತ್ತುವಷ್ಟೇ ಹಗುರ ಕೈ. ಅದು ಆರಿ ಗಟ್ಟಿಯಾದರೆ ಒಬ್ಬ ಮನುಷ್ಯ ಅದರೊಳಗೆ ತನ್ನ ಕಾಲಿಟ್ಟು ಎದ್ದು ನಿಲ್ಲುತ್ತಾನೆ! ಸುಬ್ಹಾನಲ್ಲಾ, ನನ್ನ ಸಿಟ್ಟು ಅಲ್ಲಿಯೇ ಅರ್ಧ ಇಳಿಯಿತು. ಆದರೆ ನಾನು ಅಲ್ಲಿದ್ದ ಎರಡೂವರೆ ಗಂಟೆಯಲ್ಲಿ ಹೊರಬಂದದ್ದು ಎರಡೇ.

ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಬೇಡಿ. ಬ್ರೆಡ್ ಸುಡುವ ಇಟ್ಟಿಗೆಯ ಗೂಡಿಗೆ ನಾವು ಬೋರ್ಮ ಎನ್ನುತ್ತೇವೆ. ನನ್ನ ಬೋರ್ಮದಲ್ಲಿ ಒಂದು ಸಲಕ್ಕೆ ಹನ್ನೆರಡು ಟ್ರೇ ಹಿಡಿಯುತ್ತಿತ್ತು. ನಿಮ್ಮದರಲ್ಲಿ ದಿನಕ್ಕೆ ಎಷ್ಟು ಹಿಡಿಯುತ್ತದೆ?

ಹೊರಡುವಾಗ ಗೇವಿನ್, "ಇವತ್ತು ಆಗ್ಲಿಲ್ಲ ಅಜ್ಜ, ಸೋಮವಾರ ಖಂಡಿತ ಆಗ್ತದೆ" ಎಂದ. ಹತ್ತೊಂಬತ್ತು ಮಂದಿಗೂ ಸೋಮವಾರವೇ.

ಉತ್ತರದ ದಾರಿ ನೋಡುವ,
ಮೂಸಬ್ಬ

*

ಅತ್ತಾವರ
16 ಜನವರಿ 2026

ಗೌರವಾನ್ವಿತ ಮೂಸಬ್ಬ ಅವರಿಗೆ,

ಈ ಪತ್ರವನ್ನು ಆಫೀಸಿನ ಕಾಗದದಲ್ಲಿ ಬರೆಯುತ್ತಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ನನಗೆ ಗೊತ್ತಿರಲಿಲ್ಲ. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿ ಇಲ್ಲಿಗೆ ಸೇರಿ ಐದು ತಿಂಗಳಾಯಿತು. ನಾನು ಕೂರುವುದು ಮಾಳಿಗೆಯಲ್ಲಿ. ಓವನ್ ಎದುರು ಒಂದು ದಿನವೂ ನಿಂತವಳಲ್ಲ.

ಬುಧವಾರ ನಿಂತೆ, ಬೆಳಗ್ಗಿನಿಂದ ಸಂಜೆಯವರೆಗೆ ಗಡಿಯಾರ ಹಿಡಿದು. ಒಂದು ಹಾಳೆ ಹೊರಬಂದು ಇನ್ನೊಂದು ಹೊರಬರಲು ಒಂದೂಕಾಲು ಗಂಟೆ ಬೇಕು. ಹಾಳೆ ಹೊದಿಸುವ ದೇಯಿಯಕ್ಕನನ್ನು "ದಿನಕ್ಕೆ ಎಷ್ಟು ಆಗ್ತದೆ ಅಕ್ಕ?" ಎಂದು ಕೇಳಿದೆ. "ಕರೆಂಟು ಹೋಗದಿದ್ರೆ ಐದು ಮೇಡಂ. ಎಷ್ಟು ವರ್ಷದಿಂದ ಹೇಳ್ತಾ ಇದ್ದೇವೆ, ಕೇಳುವವರು ಯಾರು ಉಂಟು?" ಎಂದರು.

ಮೇಲೆ ಬಂದು ಕಂಪ್ಯೂಟರ್ ತೆರೆದೆ. ಜನವರಿ 10ಕ್ಕೆ ಬೇಕೆಂದು ಅದು ಒಂದೇ ದಿನ ಹತ್ತೊಂಬತ್ತು ಹಾಳೆಗಳನ್ನು ಓವನ್‌ಗೆ ಹಾಕಿತ್ತು. ಅದು ಲೆಕ್ಕ ಮಾಡುವುದು ಹೀಗೆ: ಕೊಟ್ಟ ತಾರೀಕಿನಿಂದ ಹಿಂದಕ್ಕೆ ಎಣಿಸುತ್ತದೆ. ಜೋಡಣೆಗೆ ಒಂದು ದಿನ, ಹಾಳೆಗೆ ಒಂದು ದಿನ, ಅಚ್ಚು ಒಣಗಲು ಮೂರು ದಿನ. ಒಬ್ಬೊಬ್ಬರದ್ದೇ ನೋಡಿದರೆ ಲೆಕ್ಕ ಸರಿ. ಆದರೆ ಇವರೆಲ್ಲರೂ ಒಂದೇ ಓವನ್ ಎದುರು ಸಾಲು ನಿಲ್ಲುತ್ತಾರೆಂದು ಅದಕ್ಕೆ ಯಾರೂ ಹೇಳಿಲ್ಲ. ಅದರ ಪ್ರಕಾರ ನಮ್ಮ ಓವನ್ ಇಡೀ ಮಂಗಳೂರಿನಷ್ಟು ದೊಡ್ಡದು.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಕಂಪ್ಯೂಟರ್ ಹೇಳಿದ ದಿನಕ್ಕೆ ಅಚ್ಚುಗಳು ತಯಾರಾಗಿ, ಓವನ್ ಸಿಗದೆ ಕಪಾಟಿನಲ್ಲಿ ಕೂತಿವೆ. ಎಣಿಸಿದೆ, ಅರವತ್ತನಾಲ್ಕು. ಕಾಯುವಷ್ಟರಲ್ಲಿ ಕತ್ತರಿಸಿ ಉಳಿದ ಕಾಲಿನ ಭಾಗ ಸಣ್ಣಗಾಗುತ್ತದೆ, ಹಳೆಯ ಅಚ್ಚು ಆಮೇಲೆ ಸರಿಹೊಂದುವುದಿಲ್ಲ. ಒಂದರ ಮೇಲೆ ಪೆನ್ಸಿಲಿನಲ್ಲಿ "ಮೂಸಬ್ಬ, ಕಾವೂರು" ಎಂದಿತ್ತು. ಮುಟ್ಟಿ ನೋಡಿದೆ. ನಾಚಿಕೆಯಾಯಿತು.

ಕಂಪ್ಯೂಟರಿನಲ್ಲಿ ಒಂದು ಚೌಕ ಉಂಟು. "ಸಾಮರ್ಥ್ಯದ ಮಿತಿಯನ್ನು ಗಣಿಸಬೇಕೇ?" ಎಂದು ಕೇಳುತ್ತದೆ. ಅದು ಖಾಲಿ ಬಿದ್ದಿದೆ. ಅಲ್ಲಿ ಗುರುತು ಹಾಕಲು ನನಗೆ ಹೆದರಿಕೆ. ಹಾಕಿದರೆ ಎಲ್ಲರ ತಾರೀಕೂ ಮುಂದೆ ಹೋಗುತ್ತದೆ, ಅದನ್ನು ಅವರಿಗೆ ಹೇಳಬೇಕಾದವಳು ನಾನು. ನೀವು ಹೇಗೆ ಹೇಳುತ್ತಿದ್ದಿರಿ?

ಕ್ಷಮೆ ಕೇಳುತ್ತಾ,
ಪ್ರಾಪ್ತಿ

*

ಕಾವೂರು
22 ಜನವರಿ 2026

ಮಗಳೇ,

ಮೇಡಂ ಅನ್ನುವುದನ್ನು ಬಿಟ್ಟಿದ್ದೇನೆ. ಕಾಲಿಲ್ಲದವನ ಅಚ್ಚು ಮುಟ್ಟಿ ನಾಚಿದವಳಿಗೆ ಮೇಡಂ ಎನ್ನಲು ಮನಸ್ಸು ಬರುವುದಿಲ್ಲ.

ಹೇಗೆ ಹೇಳುತ್ತಿದ್ದೆ ಎಂದು ಕೇಳಿದಿ. ಕಾವೂರಿನ ಹಳಬರನ್ನು ವಿಚಾರಿಸಿದರೆ ನನ್ನ ಅಡ್ಡಹೆಸರು ಹೇಳಿಯಾರು: "ಆಗುದಿಲ್ಲ ಬ್ಯಾರಿ". ಮದುವೆಗೆ ಐನೂರು ಬನ್ನು ಬೇಕೆಂದು ಬಂದವರ ಮುಖ ನೋಡಿಯೇ "ಆಗುದಿಲ್ಲ, ಗುರುವಾರ ಬನ್ನಿ" ಎನ್ನುತ್ತಿದ್ದೆ. ಬೈಯುತ್ತಿದ್ದರು. ಗುರುವಾರ ಬಂದರೆ ಬನ್ನು ಬಿಸಿಬಿಸಿಯಾಗಿ ಇರುತ್ತಿತ್ತು. ಬೈದವರೇ ಮತ್ತೆ ಬರುತ್ತಿದ್ದರು.

ಆದರೆ ಆ ಶಬ್ದ ನನ್ನದಲ್ಲ, ಲಿಗೋರಿಯದ್ದು. ನನ್ನ ಬೋರ್ಮ ನೋಡಿಕೊಳ್ಳುತ್ತಿದ್ದವನು, ಬೊಂದೆಲ್‌ನವನು. ಕೆಲಸದವನು ಎಂದರೆ ತಪ್ಪಾಗುತ್ತದೆ, ಹತ್ತೊಂಬತ್ತು ವರ್ಷ ಒಂದೇ ತಟ್ಟೆಯಲ್ಲಿ ಉಂಡಿದ್ದೇವೆ. ಆಗ ಕೌಂಟರಿನಲ್ಲಿ ಕೂತು ಎಲ್ಲರಿಗೂ "ಆಗ್ತದೆ" ಎನ್ನುತ್ತಿದ್ದವನು ನಾನು. ಒಳಗಿನಿಂದ "ಆಗುದಿಲ್ಲ ಮೂಸಬ್ಬ, ಜಾಗ ಇಲ್ಲ" ಎನ್ನುತ್ತಿದ್ದವನು ಅವನು.

2004ರ ಕ್ರಿಸ್ಮಸ್‌ನ ಹಿಂದಿನ ದಿನ. ಕೇಕಿನ ಆರ್ಡರ್ ತುಂಬಿತ್ತು. ಅದರ ಮೇಲೆ ಒಂದು ಮದುವೆ ಹಾಲ್‌ನವರು ಬಂದರು, ನಾನು "ಆಗ್ತದೆ" ಎಂದೆ. ಲಿಗೋರಿ ಆಗುವುದಿಲ್ಲ ಎಂದ. ನಾನು, "ನೀನು ಹಾಕು ಮಾರಾಯ, ನಾನು ನೋಡ್ಕೊಳ್ತೇನೆ" ಎಂದೆ. ಹನ್ನೆರಡರ ಜಾಗದಲ್ಲಿ ಹದಿನಾಲ್ಕು ಟ್ರೇ ತುರುಕಿದೆವು. ಎಳೆಯುವಾಗ ಒಂದು ಜಾರಿತು. ಕೆಳಗೆ ಬೀಳದಿರಲೆಂದು ಅವನು ಬರಿಗೈಯಲ್ಲಿ ಹಿಡಿದ. ಬಲಗೈಯ ಅಂಗೈ ಪೂರ್ತಿ ಹೋಯಿತು.

ಮಾರನೆಯ ದಿನ ಅವನ ಮನೆಗೆ ಒಂದು ಕೇಕ್ ಕಳಿಸಿದೆ. ಕತ್ತರಿಸದೆ ಹಾಗೆಯೇ ವಾಪಸು ಬಂತು. ಅವನು ಮತ್ತೆ ಬರಲಿಲ್ಲ. ನಾನೂ ಹೋಗಲಿಲ್ಲ.

ಅಂದಿನಿಂದ ನಾನು ಹನ್ನೊಂದು ಟ್ರೇಗೆ ಮಾತ್ರ ಆರ್ಡರ್ ತೆಗೆದುಕೊಂಡೆ. ಹನ್ನೆರಡನೆಯದನ್ನು ಖಾಲಿ ಬಿಟ್ಟೆ. ಹಿಟ್ಟು ಉಬ್ಬದ ದಿನ, ಕಟ್ಟಿಗೆ ಹಸಿಯಾದ ದಿನ, ಒಂದು ಟ್ರೇ ಕರಟಿದ ದಿನ ಅದು ನನ್ನ ಮಾನ ಕಾಪಾಡಿತು. ಅದಕ್ಕೆ ಲಿಗೋರಿಯ ಜಾಗ ಎಂದು ಹೆಸರಿಟ್ಟೆ. ಯಾರಿಗೂ ಅದನ್ನು ಕೊಡಲಿಲ್ಲ, ನನ್ನ ಸ್ವಂತ ಮಗಳ ಮದುವೆಗೂ.

ಗುರುತು ಹಾಕು ಮಗಳೇ. ಒಂದು ಜಾಗವನ್ನು ಖಾಲಿ ಇಡು.

ನಿನ್ನ ಹಿತ ಬಯಸುವ,
ಮೂಸಬ್ಬ

*

ಅತ್ತಾವರ
3 ಫೆಬ್ರವರಿ 2026

ಪ್ರೀತಿಯ ಮೂಸಬ್ಬ ಕಾಕ,

ಗುರುತು ಹಾಕಿದೆ.

ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಹೆಸರುಗಳು ಹೊರಟವು. ಒಂದೇ ದಿನದ ಮೇಲೆ ರಾಶಿಬಿದ್ದಿದ್ದವು ಒಂದೊಂದಾಗಿ ಬಿಡಿಸಿಕೊಂಡು, ದಿನಕ್ಕೆ ನಾಲ್ಕರಂತೆ ಸಾಲಾಗಿ, ಫೆಬ್ರವರಿ ತುಂಬಿ, ಮಾರ್ಚ್ ತುಂಬಿ, ಏಪ್ರಿಲ್ ದಾಟಿ ಮೇ ತಿಂಗಳಲ್ಲಿ ಹೋಗಿ ನಿಂತವು. ಮುನ್ನೂರ ಹನ್ನೊಂದು ಮಂದಿ. ದೇಯಿಯಕ್ಕನನ್ನು ಕರೆದು ತೋರಿಸಿದೆ. ಅವರು ಸೆರಗಿನಲ್ಲಿ ಕೈ ಒರೆಸಿಕೊಂಡು ಪರದೆಯನ್ನು ಮುಟ್ಟಿದರು. "ಅಬ್ಬಾ! ಇಷ್ಟು ಜನ ನಮ್ಮ ಕೈ ನೋಡ್ತಾ ಇದ್ದಾರಾ ಮೇಡಂ?" ಎಂದರು. ಇಷ್ಟು ದಿನ ಅವು ನನಗೆ ಬರೀ ಆರ್ಡರ್ ನಂಬರುಗಳು. ಒಂದು ಓವನ್, ಎರಡು ಜೊತೆ ಕೈ, ಅದರ ಹಿಂದೆ ಇಷ್ಟುದ್ದ ಜನರ ಸಾಲು. ಇದು ಮೊದಲೂ ಇತ್ತು, ನನಗೆ ಕಂಡದ್ದು ಈಗ.

ಹಳೆಯ ಪಟ್ಟಿಯನ್ನೂ ಎಸೆಯಲಿಲ್ಲ. ಮಿತಿ ಇಲ್ಲದ ಆ ಪಟ್ಟಿ ಪೂರ್ತಿ ಸುಳ್ಳಲ್ಲ ಕಾಕ. ಅದು ಜನ ಯಾವಾಗ ನಡೆಯಬೇಕೆಂದು ಆಸೆಪಡುತ್ತಾರೆ ಎಂಬುದರ ಪಟ್ಟಿ. ಹೊಸದು ನಮ್ಮ ಕೈಯಲ್ಲಿ ಯಾವಾಗ ಆಗುತ್ತದೆ ಎಂಬುದರದ್ದು. ಎರಡನ್ನೂ ನಮ್ಮ ಘಟಕದ ಯಜಮಾನರಾದ ಶೈಲೇಶ್ ಸರ್ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟೆ. ಅವರು ಬೆರಳಿಟ್ಟು ಎರಡನ್ನೂ ಹೋಲಿಸಿ, "ಎರಡನೇ ಓವನ್ ಬೇಕಲ್ಲ ಪ್ರಾಪ್ತಿ" ಎಂದರು. ಅದು ಬರುವಾಗ ಮೇ ಕೊನೆ.

ಕೆಳಗೆ ಗೋಡೆಗೆ ದೊಡ್ಡ ಬೋರ್ಡು ಹಾಕಿಸಿದ್ದೇವೆ. ದಿನಕ್ಕೆ ಐದು ಮನೆ. ನಾಲ್ಕರಲ್ಲಿ ಹೆಸರು, ಐದನೆಯದು ಖಾಲಿ. ಅದರ ನೆತ್ತಿಗೆ "ಲಿಗೋರಿ" ಎಂದು ಬರೆದಿದ್ದೇನೆ. ಅಚ್ಚನ್ನೂ ಇನ್ನು ಮುಂಚೆ ತೆಗೆಯುವುದಿಲ್ಲ, ಓವನ್ ಸಿಗುವ ಮೂರು ದಿನ ಮೊದಲು ಮಾತ್ರ.

ಈ ಪತ್ರದಲ್ಲಿ ಇಷ್ಟು ಮಾತಾಡಿದ್ದು ಮುಂದಿನ ಸಾಲನ್ನು ಬರೆಯಲು ಧೈರ್ಯ ಸಾಲದೆ. ನಿಮ್ಮ ಮುಂದೆ ಇನ್ನೂರಕ್ಕೂ ಹೆಚ್ಚು ಮಂದಿ ಇದ್ದಾರೆ, ಎಲ್ಲರೂ ನಿಮಗಿಂತ ಮೊದಲು ಹೆಸರು ಕೊಟ್ಟವರು. ನಿಮ್ಮ ತಾರೀಕು ಏಪ್ರಿಲ್ 9, ಗುರುವಾರ, ಬೆಳಗ್ಗೆ ಹತ್ತು ಗಂಟೆ. ಪೆರ್ನಾಲ್ ಕಳೆದು ಮೂರು ವಾರಕ್ಕೆ.

ತಲೆ ತಗ್ಗಿಸಿ,
ಪ್ರಾಪ್ತಿ

*

ಕಾವೂರು
8 ಫೆಬ್ರವರಿ 2026

ಪ್ರಾಪ್ತಿ ಮೇಡಂ,

ಚೆನ್ನಾಗಿ ಕಲಿತಿರಿ. ಹೇಳಿಕೊಟ್ಟವನ ಕುತ್ತಿಗೆಗೇ ಬಂತು.

ದೂರದ ತಾರೀಕಾದರೂ ಚಿಂತೆ ಇಲ್ಲ ಎಂದು ನಾನೇ ಬರೆದದ್ದು ಹೌದು. ಅದು ಪತ್ರದಲ್ಲಿ ಬರೆಯುವ ಮಾತು. ಇನ್ನೊಂದು ಪೆರ್ನಾಲ್ ಸಿಗುತ್ತದೆ ಎಂದು ನನಗೆ ಯಾರು ಚೀಟಿ ಕೊಟ್ಟಿದ್ದಾರೆ? ಬೋರ್ಡಿನಲ್ಲಿ ದಿನಾ ಒಂದು ಮನೆ ಖಾಲಿ ಇದೆಯಲ್ಲ, ಲಿಗೋರಿಯದ್ದು. ಆ ಬುದ್ಧಿ ಕೊಟ್ಟವನು ನಾನು, ಆ ಹೆಸರು ಕೊಟ್ಟವನೂ ನಾನು. ಮಾರ್ಚಿನಲ್ಲಿ ಒಂದೇ ಒಂದು ದಿನ ಅದನ್ನು ನನಗೆ ಕೊಡಿ. ಒಂದು ದಿನದಿಂದ ಏನು ಹೋಗುತ್ತದೆ? ಯಾರಿಗೆ ಗೊತ್ತಾಗುತ್ತದೆ?

ಮೂಸಬ್ಬ

*

ಅತ್ತಾವರ
12 ಫೆಬ್ರವರಿ 2026

ಮೂಸಬ್ಬ ಕಾಕ,

ನಿಮ್ಮ ಪತ್ರ ಸಿಕ್ಕಿತು.

ಸೋಮವಾರ ಇಲ್ಲಿ ಏನಾಯಿತೆಂದು ಹೇಳುತ್ತೇನೆ. ಫರ್ಝಾನಾ ಎಂಬವರ ಸರದಿ. ಅಂಗನವಾಡಿ ಟೀಚರ್, ಕಾಲು ಹೋಗಿ ಎರಡು ವರ್ಷ. ದೇಯಿಯಕ್ಕ ಹೊದಿಸುವಾಗ ಹಾಳೆ ಹರಿಯಿತು. ಮೊದಲಾಗಿದ್ದರೆ ಗೇವಿನ್ "ಮುಂದಿನ ವಾರ ಆಗ್ತದೆ" ಎನ್ನುತ್ತಿದ್ದ, ಅವರ ಹಿಂದಿನವರೆಲ್ಲರೂ ಒಬ್ಬೊಬ್ಬರಾಗಿ ಹಿಂದೆ ಹೋಗುತ್ತಿದ್ದರು. ದೇಯಿಯಕ್ಕ ಬೋರ್ಡು ನೋಡಿ, "ಲಿಗೋರಿ ಉಂಟಲ್ಲ, ಎಂತಕ್ಕೆ ಹೆದರುದು?" ಎಂದರು. ಸಂಜೆಯೊಳಗೆ ಎರಡನೇ ಹಾಳೆ ಕೂತಿತು. ಮಂಗಳವಾರ ಫರ್ಝಾನಾ ನಡೆದರು. ಅವರ ಹಿಂದಿನ ಯಾರ ತಾರೀಕೂ ಕದಲಲಿಲ್ಲ, ನಿಮ್ಮದೂ.

ಆ ಜಾಗ ಕೊಡುವುದಕ್ಕೆ ನನ್ನದಲ್ಲ, ಕೇಳುವುದಕ್ಕೆ ನಿಮ್ಮದೂ ಅಲ್ಲ. ನಿಮ್ಮ ಮಗಳ ಮದುವೆಗೂ ಕೊಡಲಿಲ್ಲವೆಂದು ನೀವೇ ಬರೆದಿದ್ದಿರಿ.

ಆಗುದಿಲ್ಲ ಕಾಕ.

ಪ್ರಾಪ್ತಿ

*

ಕಾವೂರು
24 ಮಾರ್ಚ್ 2026

ಮಗಳೇ,

ಆರು ವಾರ ಬರೆಯಲಿಲ್ಲ. ಏಕೆಂದು ನಿನಗೂ ಗೊತ್ತು.

ಪೆರ್ನಾಲ್ ಕಳೆಯಿತು. ಕುರ್ಚಿಯಲ್ಲೇ ಕೂತೆ. ನಮಾಝಿನ ಸಾಲು ಎದ್ದು ನಿಂತಾಗ ಕಣ್ಣಲ್ಲಿ ನೀರು ಬಂತು, ಅದನ್ನು ಮುಚ್ಚಿಡುವುದಿಲ್ಲ. ನಿನ್ನ ಮೇಲೆ ಸಿಟ್ಟು ಬರಲಿ ಎಂದು ಕಾದೆ. ಬರಲಿಲ್ಲ. ಬದಲಿಗೆ ನಿನ್ನ "ಆಗುದಿಲ್ಲ" ನೆನಪಾಯಿತು. ಇಪ್ಪತ್ತು ವರ್ಷ ಆ ಶಬ್ದವನ್ನು ಊರಿಗೆಲ್ಲ ಹೇಳಿದವನು ನಾನು. ನನಗೆ ಅದನ್ನು ಹೇಳಿದವರು ಇಬ್ಬರೇ. ಮೊದಲನೆಯವನ ಮಾತು ಕೇಳದೆ ಅವನ ಕೈ ಹೋಯಿತು. ಎರಡನೆಯವಳು ನಾನು ಕೇಳುವ ಹಾಗೆ ಮಾಡಿದಳು.

ಏಪ್ರಿಲ್ ನಾಲ್ಕಕ್ಕೆ ಅಚ್ಚಿಗೆ ಬರುತ್ತೇನೆ, ಒಂಬತ್ತಕ್ಕೆ ಕಾಲಿಗೆ.

ಮೂಸಬ್ಬ

*

ಕಾವೂರು
10 ಏಪ್ರಿಲ್ 2026

ಪ್ರೀತಿಯ ಮಗಳು ಪ್ರಾಪ್ತಿಗೆ,

ನಿನ್ನೆ ನೀನು ಪಕ್ಕದಲ್ಲೇ ನಿಂತಿದ್ದಿ, ಎಲ್ಲ ನೋಡಿದ್ದಿ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ನಾನೇ ನಂಬಲಿಕ್ಕಿಲ್ಲ.

ಹತ್ತು ಗಂಟೆಗೆ ಹತ್ತು ನಿಮಿಷ ಇರುವಾಗ ಬಂದೆ. ಬೆಂಚಿನಲ್ಲಿ ಬರೀ ನಾಲ್ಕು ಮಂದಿ. ಗೇವಿನ್ ಎದ್ದು ಬಂದು, "ಆಯ್ತು ಅಜ್ಜ" ಎಂದ. ಕಿವಿ ಕೇಳದಿದ್ದರೂ ತುಟಿ ನೋಡಿ ತಿಳಿಯಿತು. ಏಳು ತಿಂಗಳು "ಆಗ್ತದೆ" ಎಂದ ಬಾಯಲ್ಲಿ "ಆಯ್ತು"! ಇಪ್ಪತ್ತು ವರ್ಷ ಹೇಳಿದ ಹೊತ್ತಿಗೆ ಬನ್ನು ಕೊಟ್ಟಿದ್ದೇನೆ. ಹೇಳಿದ ಹೊತ್ತಿಗೆ ಸಿಕ್ಕಿದಾಗ ತೆಗೆದುಕೊಳ್ಳುವವನಿಗೆ ಹೇಗಾಗುತ್ತದೆಂದು ಗೊತ್ತಿರಲಿಲ್ಲ. ಒಂದು ದಿನ, ಒಂದು ಗಂಟೆ, ಫೆಬ್ರವರಿಯಿಂದ ಅಲ್ಲಿ ನನಗಾಗಿ ಕಾದು ನಿಂತಿತ್ತು ಮಗಳೇ.

ಕಂಬಿ ಹಿಡಿದು ಎದ್ದೆ. ಮೊದಲು ಕಂಡದ್ದು ಗೋಡೆಯ ಬೋರ್ಡು. ಊರುಗೋಲಿಗೆ ಬಾಗಿ ಬಾಗಿ, ಅಷ್ಟೆತ್ತರದಿಂದ ನಾನು ಏನನ್ನೂ ನೋಡದೆ ಒಂದು ವರ್ಷ ದಾಟಿತ್ತು. ಆಗ ದೇಯಿ ಏನೋ ಕೂಗಿದಳು. ರುಮೈಸಾ ನನ್ನ ಕಿವಿಗೆ ಬಾಯಿಟ್ಟು ಹೇಳಿದಳು: "ಅಜ್ಜ, ಅವ್ರು 'ಇವತ್ತು ಲಿಗೋರಿ ಖಾಲಿ ಉಂಟಾ' ಅಂತ ಕೇಳಿದ್ದು."

ನಾನು ಅತ್ತದ್ದು ಕಾಲು ನೋವಿಗೆ ಎಂದುಕೊಂಡು ನೀನು ಕುರ್ಚಿ ತಂದಿ. ಕಾಲು ನೋಯಲಿಲ್ಲ. ಒಬ್ಬನ ಸುಟ್ಟ ಅಂಗೈ ಒಂದು ಖಾಲಿ ಜಾಗವಾಗಿ, ಅವನನ್ನು ಕಂಡೇ ಇರದವರ ಬಾಯಲ್ಲಿ ಹೆಸರಾಗಿ, ಯಾರ್ಯಾರನ್ನೋ ನಡೆಸುತ್ತಿದೆ. ಅವನಿಗೆ ಮಾತ್ರ ಗೊತ್ತಿಲ್ಲ. ಹೇಳಬೇಕಾದವನು ಅವನ ಮನೆಯಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ, ಇಲ್ಲಿ ಕೂತಿದ್ದಾನೆ.

ನಡೆಯಲು ಕಲಿಯುತ್ತಿರುವ,
ನಿನ್ನ ಕಾಕ

*

ಕಾವೂರು
14 ಮೇ 2026

ಬೊಂದೆಲ್‌ನ ಲಿಗೋರಿಗೆ,

ಅಕ್ಷರ ನೋಡಿ ಯಾರೆಂದು ತಿಳಿದಿರಬೇಕು. ಹರಿಯಬೇಡ, ಪೂರ್ತಿ ಓದು.

ಆ ದಿನ ನೀನು ಜಾಗ ಇಲ್ಲ ಎಂದಿ. ನಾನು ಕೇಳಲಿಲ್ಲ. ತಪ್ಪು ನನ್ನದು. ಇದನ್ನು ಹೇಳುವುದು ಬಿಟ್ಟು ಕೇಕ್ ಕಳಿಸಿದೆ, ಅದು ಇನ್ನೊಂದು ತಪ್ಪು. ಎರಡು ಕಾಲಿದ್ದಾಗ ಇಪ್ಪತ್ತು ವರ್ಷ ಬರಲಿಲ್ಲ. ಈಗ ಒಂದು ನನ್ನದು, ಇನ್ನೊಂದು ಅತ್ತಾವರದ್ದು. ಆ ಎರಡನೆಯದರಲ್ಲಿ ನಿನ್ನ ಪಾಲೂ ಉಂಟು. ಹೇಗೆಂದು ಎದುರಿಗೆ ಕೂತು ಹೇಳಬೇಕು, ಪತ್ರದಲ್ಲಿ ಹೇಳಿದರೆ ನೀನು ನಂಬುವುದಿಲ್ಲ.

ಭಾನುವಾರ, ಹದಿನೇಳಕ್ಕೆ, ನೀನು ಚರ್ಚಿನಲ್ಲಿ ಪೂಜೆ ಮುಗಿಸಿ ಮನೆಗೆ ಬರುವ ಹೊತ್ತಿಗೆ ನಿನ್ನ ಗೇಟಿನ ಹತ್ತಿರ ಇರುತ್ತೇನೆ. ಹತ್ತು ಗಂಟೆಗೆ. ನಡೆದೇ ಬರುವುದು. ಈ ಕಾಲಿಗೆ ಎಷ್ಟು ಹೊತ್ತು ಬೇಕೆಂದು ಅಂಗಳದಲ್ಲಿ ನಡೆದು ಅಳೆದಿದ್ದೇನೆ. ಒಂದೂವರೆ ಗಂಟೆ ನಡಿಗೆಗೆ, ಅರ್ಧ ಗಂಟೆ ಖಾಲಿ. ಎಂಟಕ್ಕೆ ಹೊರಡುತ್ತೇನೆ.

ಬೇಡವಾದರೆ, ಈ ಪತ್ರ ತಂದ ನನ್ನ ಮೊಮ್ಮಗಳ ಕೈಯಲ್ಲಿ "ಆಗುದಿಲ್ಲ" ಎಂದು ಹೇಳಿ ಕಳಿಸು. ಆ ಶಬ್ದ ನಿನ್ನದೇ. ಈ ಸಲ ಕೇಳುತ್ತೇನೆ.

ಮೂಸಬ್ಬ